ಒಂದು ದಶಕಕ್ಕೆ ಐದೇ ಹಾಡು

ಹಾಡಿನ ವಿಷಯದಲ್ಲಿ ವಾದ ಮಾಡಿ ಗೆದ್ದವರಿಲ್ಲ ಎಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೆವು. ಆ ಮಾತಿನ ಸತ್ಯ ಅನುಭವಕ್ಕೆ ಬಂದದ್ದು ಕಳೆದ ವರ್ಷ, ನಮ್ಮ ಶಾಲೆಯ ವಾರ್ಷಿಕೋತ್ಸವದ ಸಿದ್ಧತೆಯ ಕಾಲದಲ್ಲಿ.

ನಾವು ಮುಖ್ಯೋಪಾಧ್ಯಾಯರಾಗಿರುವ ಕನ್ನಡ ಮಾಧ್ಯಮದ ಶಾಲೆಯು ಆದೋನಿಯ ಪಶ್ಚಿಮಕ್ಕೆ, ಕರ್ನಾಟಕದ ಗಡಿಗೆ ಸಮೀಪವಾದ ಒಂದು ಹಳ್ಳಿಯಲ್ಲಿದೆ. ಈ ಸೀಮೆಯ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಬಳ್ಳಾರಿಯು ಮೈಸೂರಿಗೆ ಸೇರಿತು. ನಮ್ಮ ತಂದೆಯವರು ಮನೆ ಬದಲಿಸಲಿಲ್ಲ, ಹೊಲ ಬದಲಿಸಲಿಲ್ಲ; ಮಲಗಿದಲ್ಲಿಯೇ ಮಲಗಿದ್ದು, ಬೆಳಗಾಗುವಷ್ಟರಲ್ಲಿ ಬೇರೊಂದು ರಾಜ್ಯದ ಪ್ರಜೆಯಾಗಿ ಎದ್ದರು. ಹಳಬರು ಇಂದಿಗೂ ಊರನ್ನು ಆದವಾನಿ ಎಂದೇ ಕರೆಯುತ್ತಾರೆ.

ಈ ಸಲದ ಉತ್ಸವಕ್ಕೆ ೧೯೮೦ರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಓದಿದವರನ್ನೆಲ್ಲ ಆಹ್ವಾನಿಸಬೇಕೆಂದು ನಿಶ್ಚಯವಾಯಿತು. ಅವರ ಕಾಲದ ಹಾಡುಗಳನ್ನು ಮಕ್ಕಳಿಂದ ಹಾಡಿಸಿದರೆ ಚೆನ್ನ ಎಂದು ಕನ್ನಡದ ಅಧ್ಯಾಪಕಿಯವರು ಸೂಚಿಸಿದರು. ಕಾರ್ಯಕ್ರಮದಲ್ಲಿ ಇದಕ್ಕೆ ದೊರೆತ ಅವಧಿ ಅರ್ಧ ಗಂಟೆ. ಅಂದರೆ ಐದು ಹಾಡು. ಹತ್ತು ವರ್ಷಗಳ ಕಾಲವನ್ನು ಐದು ಹಾಡಿನಲ್ಲಿ ಹೇಳುವುದು ಹೇಗೆ? ಒಂದು ಶನಿವಾರ ಸಂಜೆ ಶಾಲೆಯ ಜಗಲಿಯ ಮೇಲೆ ಎಲ್ಲರೂ ಸೇರಿದೆವು. ಆದೋನಿಯಲ್ಲಿ ಹತ್ತಿಯ ವ್ಯಾಪಾರ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬರೂ ಬಂದಿದ್ದರು.

ಅವರೇ ಮೊದಲು ಮಾತೆತ್ತಿದರು. “ಇದರಲ್ಲಿ ಯೋಚನೆ ಮಾಡುವುದೇನಿದೆ ಸಾರ್? ರಾಜನ್-ನಾಗೇಂದ್ರರನ್ನು ಬಿಟ್ಟು ಆ ಕಾಲ ಇದೆಯೇ?” ಎಂದರು. ಮೈಸೂರಿನ ಆ ಸೋದರರು ೧೯೫೦ರ ದಶಕದಿಂದಲೇ ಚಿತ್ರಗಳಿಗೆ ಸಂಗೀತ ನೀಡುತ್ತಿದ್ದವರು. ೧೯೮೧ರ ‘ಗಾಳಿಮಾತು’, ೧೯೮೨ರ ‘ಚಲಿಸುವ ಮೋಡಗಳು’ ಚಿತ್ರಗಳ ಹಾಡುಗಳನ್ನು ಕೇಳದ ಮನೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ಧಾರವಾಡ, ಗುಲಬರ್ಗಾ ಆಕಾಶವಾಣಿ ನಿಲಯಗಳು ನಮ್ಮ ಪಾಲಿಗೆ ಮತ್ತೊಂದು ಪಾಠಶಾಲೆಯೇ ಆಗಿದ್ದವು. ನಾವೂ ಮನಸ್ಸಿನಲ್ಲಿ ಇದೇ ಪಕ್ಷದವರು. ಆದರೆ ಅಧ್ಯಕ್ಷರಾಗಿ ಕುಳಿತವರು ಪಕ್ಷ ವಹಿಸಬಾರದೆಂದು ಸುಮ್ಮನಿದ್ದೆವು.

ಕನ್ನಡದ ಅಧ್ಯಾಪಕಿಯವರು ಒಪ್ಪಲಿಲ್ಲ. ಸಿನಿಮಾ ಹಾಡು ಎಲ್ಲ ದಶಕಕ್ಕೂ ಇದೆ. ಆ ಕಾಲದ ವಿಶೇಷವೆಂದರೆ ಕವಿತೆಯು ಪುಸ್ತಕದಿಂದ ಎದ್ದು ಕ್ಯಾಸೆಟ್ಟಿನ ಮೂಲಕ ಮನೆಗೆ ಬಂದದ್ದು ಎಂದು ಅವರ ವಾದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’, ಸಿ. ಅಶ್ವತ್ಥರು ಹಾಡಿಸಿದ ಶಿಶುನಾಳ ಷರೀಫರ ತತ್ವಪದಗಳು, ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯ ಗೀತೆಗಳು, ಇವನ್ನು ಬಿಟ್ಟರೆ ಆ ದಶಕಕ್ಕೆ ಮಾನವೇ ಇಲ್ಲವೆಂದರು. ವ್ಯಾಪಾರಿಗಳು ಬಿಡುವವರೇ? “ಅಮ್ಮಾ, ‘ನಿತ್ಯೋತ್ಸವ’ ಬಂದದ್ದು ೧೯೭೮ರಲ್ಲಿ. ಅದು ಹಿಂದಿನ ದಶಕದ ಲೆಕ್ಕ” ಎಂದು ಖಾತೆ ಪುಸ್ತಕ ತೆರೆದವರಂತೆ ಹೇಳಿದರು. ಅಧ್ಯಾಪಕಿಯವರು ತಟ್ಟನೆ, “ಬೆಂಗಳೂರಿಗೆ ೧೯೭೮ರಲ್ಲಿ ಬಂದಿರಬಹುದು ಅಣ್ಣಾ. ನಮ್ಮ ಹಳ್ಳಿಗೆ ಬಂದದ್ದು ಯಾವಾಗ?” ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಗಡಿಯ ಊರುಗಳಿಗೆ ಹಾಡು ನಿಧಾನವಾಗಿ ಬರುತ್ತಿತ್ತು. ಹೊರಗಿನವರ ಪಂಚಾಂಗದಿಂದ ನಮ್ಮ ದಶಕವನ್ನು ಎಣಿಸಲಾಗದು.

ನಮ್ಮ ತೆಲುಗು ಪಂಡಿತರು ಅಲ್ಲಿಯವರೆಗೆ ನಗುತ್ತ ಕುಳಿತಿದ್ದರು. “ನೀವು ಕನ್ನಡದ ದಶಕವೆಂದು ಇಷ್ಟು ಜಗಳವಾಡುತ್ತೀರಿ. ಆ ಹಾಡುಗಳನ್ನು ಹಾಡಿದವರು ಯಾರು? ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಜಾನಕಿಯಮ್ಮನವರು ಹುಟ್ಟಿದ್ದು ಗುಂಟೂರು ಜಿಲ್ಲೆಯಲ್ಲಿ. ನಿಮ್ಮ ದಶಕಕ್ಕೆ ಕಂಠ ಕೊಟ್ಟವರು ನಮ್ಮವರು!” ಎಂದರು. ಎಲ್ಲರೂ ನಕ್ಕೆವು. ಆದರೆ ಆ ನಗೆಯ ಹಿಂದೆ ಸತ್ಯವಿತ್ತು. ೨೦೨೦ರ ಸೆಪ್ಟೆಂಬರಿನಲ್ಲಿ ಬಾಲಸುಬ್ರಹ್ಮಣ್ಯಂ ಅವರು ತೀರಿಕೊಂಡಾಗ ಗಡಿಯ ಆಚೆಗೂ ಈಚೆಗೂ ಜನ ಒಂದೇ ರೀತಿ ಅತ್ತರು. ಅವರಿಗೆ ದೊರೆತ ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ಗದುಗಿನ ಪಂಚಾಕ್ಷರ ಗವಾಯಿಗಳನ್ನು ಕುರಿತ ಕನ್ನಡ ಚಿತ್ರದ ಗಾಯನಕ್ಕೆ. ಇನ್ನೊಂದು, ತೆಲುಗಿನ ‘ಶಂಕರಾಭರಣಂ’ ಗಾಯನಕ್ಕೆ. ೧೯೮೦ರಲ್ಲಿ ತೆರೆಕಂಡ ಆ ಚಿತ್ರದ ಹಾಡುಗಳನ್ನು ನಾವು ಅರ್ಥ ಕೇಳದೆಯೇ ಕಲಿತಿದ್ದೆವು. ಪಂಡಿತರ ಕೋರಿಕೆಯೂ ಅದೇ: ಐದರಲ್ಲಿ ಒಂದು ‘ಶಂಕರಾಭರಣಂ’ ಇರಲಿ.

ಕೊನೆಗೆ ಮಾತನಾಡಿದವರು ಗಣಿತದ ತರುಣ ಉಪಾಧ್ಯಾಯರು. ಅವರು ಆ ದಶಕದಲ್ಲಿ ಹುಟ್ಟಿಯೂ ಇರಲಿಲ್ಲ; ಆದುದರಿಂದಲೇ ಅವರ ಮಾತಿನಲ್ಲಿ ನಿಷ್ಪಕ್ಷಪಾತವಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ವಾದ ಬಂದಾಗ ಜನರು ಒಂದು ತಂಡದ ಹೆಸರು ಹೇಳುತ್ತಾರಂತೆ. ೧೯೬೦ರ ದಶಕವೆಂದರೆ ಲಿವರ್‌ಪೂಲ್ ಪಟ್ಟಣದ ನಾಲ್ವರು ಯುವಕರ ‘ಬೀಟಲ್ಸ್’. ಅಲ್ಲಿ ಹಾಡು ಬರೆಯುವವರು, ವಾದ್ಯ ನುಡಿಸುವವರು, ಹಾಡುವವರು ಎಲ್ಲರೂ ಅವರೇ. ನಮ್ಮಲ್ಲಿ ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು, ತೆರೆಯ ಮೇಲೆ ತುಟಿ ಆಡಿಸುವವರು ಮಗದೊಬ್ಬರು. ಹೀಗಿರುವಾಗ ದಶಕದ ಕೀರ್ತಿಯನ್ನು ಯಾರ ತಲೆಗೆ ಕಟ್ಟುವುದು? “ಸಾಹಿತ್ಯವನ್ನೂ ಸಂಗೀತವನ್ನೂ ಒಬ್ಬರೇ ಮಾಡಿ ಹುಡುಗರನ್ನೆಲ್ಲ ಕುಣಿಸಿದವರು ಹಂಸಲೇಖ. ಆದ್ದರಿಂದ ‘ಪ್ರೇಮಲೋಕ’ ಬಿಟ್ಟು ಪಟ್ಟಿ ಇಲ್ಲ” ಎಂದು ಅವರು ಲೆಕ್ಕ ಬಿಡಿಸಿದಂತೆ ಮುಗಿಸಿದರು. ರವಿಚಂದ್ರನ್ ಅವರ ಆ ಚಿತ್ರ ಬಂದದ್ದು ೧೯೮೭ರಲ್ಲಿ. ಅದರ ಕಥೆಗೆ ‘ಗ್ರೀಸ್ ೨’ ಎಂಬ ಅಮೆರಿಕನ್ ಚಿತ್ರದ ಪ್ರೇರಣೆ. ಗಿಟಾರು, ಡ್ರಮ್ಮು, ಕಾಲೇಜು, ಮೋಟಾರ್ ಸೈಕಲ್ಲು ಎಲ್ಲವೂ ಅದರಲ್ಲಿದ್ದವು. ರಾಕ್ ಸಂಗೀತವೆಂಬುದು ನಮ್ಮ ಹಳ್ಳಿಯ ಹುಡುಗರ ಕಿವಿಗೆ ತಲುಪಿದ್ದರೆ, ಅದು ಈ ಬಾಗಿಲಿನಿಂದಲೇ.

‘ಪ್ರೇಮಲೋಕ’ದ ಹೆಸರು ಬಂದಾಗ ನಾವು ಸ್ವಲ್ಪ ಹೊತ್ತು ಮೌನವಾದೆವು. ಅದಕ್ಕೆ ಕಾರಣವನ್ನು ಇಲ್ಲಿ ಹೇಳಲೇಬೇಕು.

೧೯೮೪ರಲ್ಲಿ ಬಳ್ಳಾರಿಯಲ್ಲಿ ಕೆಲಸದಲ್ಲಿದ್ದ ನಮ್ಮ ಭಾವನವರು ಹಬ್ಬಕ್ಕೆ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ಊರಿಗೆಲ್ಲ ಅದೊಂದು ಸೋಜಿಗ. ನಮ್ಮ ತಾಯಿಯವರಿಗೆ ಬೀಸುವ ಪದ, ಸೋಬಾನೆ ಪದ ಬಹಳ ಬರುತ್ತಿದ್ದವು. ಭಾವನವರು ಅವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ, ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬುವವರೆಗೆ ಹಾಡಿಸಿದರು. ಕಲ್ಲಿನ ಗರಗರ ಸದ್ದು, ನಡುನಡುವೆ ಬಳೆಯ ಸದ್ದು, ಹಿತ್ತಲಿನ ಎಮ್ಮೆಯ ಕೂಗು ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಅವ್ವ ತನ್ನ ಧ್ವನಿಯನ್ನು ತಾನೇ ಕೇಳಿ, “ಇದು ನಾನಲ್ಲ ಬಿಡ್ರಿ” ಎಂದು ನಾಚಿಕೊಂಡಿದ್ದರು. ಭಾವನವರು ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ನಮ್ಮ ಮನೆಯಲ್ಲಿಯೇ ಬಿಟ್ಟುಹೋದರು.

‘ಪ್ರೇಮಲೋಕ’ ಬಂದ ವರ್ಷ ನಮಗೆ ಇಪ್ಪತ್ತು ವಯಸ್ಸು. ಗೆಳೆಯರೊಡನೆ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಚಿತ್ರ ನೋಡಿ ಬಂದೆವು. ಹಾಡುಗಳು ತಲೆಯಿಂದ ಇಳಿಯಲೊಲ್ಲವು. ಆದೋನಿಯಲ್ಲಿ, ಕ್ಯಾಸೆಟ್ ಕೊಟ್ಟು ಹಾಡಿನ ಪಟ್ಟಿ ಬರೆದುಕೊಟ್ಟರೆ ಎರಡು ದಿನದಲ್ಲಿ ತುಂಬಿಸಿಕೊಡುವ ಅಂಗಡಿ ಇತ್ತು. ಹೊಸ ಕ್ಯಾಸೆಟ್ಟಿಗೆ ಕೈಯಲ್ಲಿ ಹಣವಿರಲಿಲ್ಲ. ಮನೆಯಲ್ಲಿದ್ದದ್ದನ್ನೇ ಒಯ್ದೆವು. ಅದರಲ್ಲಿ ಏನಿದೆಯೆಂಬುದು ನಮಗೆ ತಿಳಿಯದೆ ಇರಲಿಲ್ಲ, ತಿಳಿದೇ ಒಯ್ದೆವು. ಅವ್ವ ಮನೆಯಲ್ಲಿಯೇ ಇದ್ದಾರೆ, ಬೇಕಾದಾಗ ಇನ್ನೊಮ್ಮೆ ಹಾಡಿಸಿದರಾಯಿತು ಎಂದುಕೊಂಡೆವು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಟ್ಟರೆ ಅದರ ಮೇಲೆ ಮತ್ತೆ ಬೇರೇನನ್ನೂ ತುಂಬಲಾಗದು. ಆ ಚೂರುಗಳನ್ನು ಮುರಿಯುವಷ್ಟು ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ, “ನನ್ನ ಹಾಡು ಒಂದೀಟು ಹಾಕಪ್ಪಾ, ಪಕ್ಕದ ಮನೆ ಅತ್ತೆ ಕೇಳ್ತಾಳಂತೆ” ಎಂದರು. ನಾವು ನಿಜ ಹೇಳಿದೆವು. ಅವರು ಬಯ್ಯಲಿಲ್ಲ. ಗಿಟಾರಿನ ಹಾಡನ್ನು ಸ್ವಲ್ಪ ಹೊತ್ತು ಕೇಳಿ, “ಇರಲಿ ಬಿಡು, ಇದೂ ಚಲೋ ಐತೆ” ಎಂದು ಒಳಗೆ ಹೋದರು. ಮುಂದೆ ನಾವು ಶಿಕ್ಷಕ ತರಬೇತಿಗೆ ಹೋದೆವು, ನೌಕರಿ ಬಂತು, ಮದುವೆಯಾಯಿತು. ಹಳ್ಳಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಲು ಸೇರಿತು. ೧೯೯೬ರಲ್ಲಿ ಅವ್ವ ತೀರಿಕೊಂಡರು. ಇನ್ನೊಮ್ಮೆ ಹಾಡಿಸುವ ಆ ದಿನ ಬರಲೇ ಇಲ್ಲ. ತರಬೇತಿಯಲ್ಲಿ ನಮಗೆ, ಮಗುವಿಗೆ ತಿಳಿದಿರುವುದರಿಂದ ಪಾಠವನ್ನು ಆರಂಭಿಸಬೇಕೆಂದು ಕಲಿಸಿದ್ದರು. ಮಗುವಿಗೆ ತಿಳಿದಿರುವುದು ಮೊದಲು ಅವ್ವನ ಹಾಡು ಎಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ಮೇಲೆಯೂ ನಾವು ಮರೆತೇ ಇದ್ದೆವು.

ಇದನ್ನು ಜಗಲಿಯ ಮೇಲೆ ನಾವು ಹೇಳಲಿಲ್ಲ. ಆದರೆ ಪಾತ್ರೆ ತೊಳೆದು ಮುಗಿಸಿ ಕಂಬಕ್ಕೆ ಒರಗಿ ನಿಂತಿದ್ದ, ಮಧ್ಯಾಹ್ನದ ಅಡುಗೆ ಮಾಡುವ ತಾಯಿಯೊಬ್ಬರು ತಾವಾಗಿಯೇ ಕೇಳಿದರು: “ಸಾರ್, ಆ ಕಾಲದಾಗ ನಮ್ಮವ್ವಗಳು ಬೀಸೋ ಪದ ಹಾಡ್ತಿದ್ರಲ್ಲ, ಅದು ನಿಮ್ಮ ಪಟ್ಟಿಗೆ ಬರಲ್ಲೇನು?” ಯಾರೂ ಮಾತನಾಡಲಿಲ್ಲ. ನಾವು ಅಧ್ಯಕ್ಷರ ಅಧಿಕಾರವನ್ನು ಅಂದು ಒಂದೇ ಸಲ ಉಪಯೋಗಿಸಿ, ಐದನೆಯ ಹಾಡು ಅದೇ ಎಂದು ತೀರ್ಮಾನಿಸಿದೆವು, ಹಾಡುವವರೂ ಅವರೇ. ಉಳಿದ ನಾಲ್ಕು: ‘ಗಾಳಿಮಾತು’, ‘ನಿತ್ಯೋತ್ಸವ’, ‘ಶಂಕರಾಭರಣಂ’, ‘ಪ್ರೇಮಲೋಕ’.

ಉತ್ಸವದ ದಿನ ಮಕ್ಕಳು ನಾಲ್ಕು ಹಾಡನ್ನೂ ಚೆನ್ನಾಗಿ ಹಾಡಿದರು. ‘ಪ್ರೇಮಲೋಕ’ಕ್ಕೆ ಐವತ್ತು ದಾಟಿದ ಹಳೆಯ ವಿದ್ಯಾರ್ಥಿಗಳು ಶಿಳ್ಳೆ ಹಾಕಿದರು, ನಾವು ಕಂಡೂ ಕಾಣದಂತೆ ಇದ್ದೆವು. ಕೊನೆಗೆ ಆ ತಾಯಿ ಸೆರಗು ಹೊದ್ದು ಬಂದು ಹಾಡತೊಡಗಿದರು. ಧಾಟಿ ಕೇಳಿದೊಡನೆ ನಮಗೆ ಗುರುತು ಹತ್ತಿತು. ನಮ್ಮ ತಾಯಿಯವರು ಅಂದು ಮೊದಲು ಹಾಡಿದ ಪದವೇ ಅದು. ಮೂರು ನುಡಿ ಹಾಡಿದರು. ನಾಲ್ಕನೆಯದಕ್ಕೆ ನಿಂತರು. “ಮುಂದಿಂದು ಮರ್ತು ಹೋಗೈತೆ. ಯಾರಿಗಾರ ಗೊತ್ತಿದ್ರೆ ಹೇಳ್ರಿ” ಎಂದು ಸಭೆಯ ಕಡೆಗೆ ನೋಡಿದರು. ಅಂಗಳದ ತುಂಬ ಜನ, ಅಜ್ಜಿಯರೂ ಇದ್ದರು. ಯಾರಿಗೂ ಬರಲಿಲ್ಲ. ನಾಲ್ಕನೆಯ ನುಡಿಯಲ್ಲಿ ತವರಿನ ಮಾತು ಇತ್ತೆಂಬುದಷ್ಟೇ ನಮಗೆ ನೆನಪು; ಅದನ್ನು ಹಿಡಿದಿಟ್ಟಿದ್ದ ಟೇಪನ್ನು ನಾವೇ ಅಂಗಡಿಗೆ ಒಯ್ದು ಕೊಟ್ಟಿದ್ದೆವು.

ನಾವು ‘ಪ್ರೇಮಲೋಕ’ವನ್ನು ದೂಷಿಸುತ್ತಿಲ್ಲ. ಆ ಹಾಡುಗಳೂ ನಮ್ಮವೇ, ಇಂದು ಕೇಳಿದರೂ ಕಾಲು ತಾಳ ಹಾಕುತ್ತದೆ. ರಾಜನ್-ನಾಗೇಂದ್ರರನ್ನು, ಅನಂತಸ್ವಾಮಿಯವರನ್ನು, ಬಾಲಸುಬ್ರಹ್ಮಣ್ಯಂ ಅವರನ್ನು ಕಾಪಾಡಲು ಸಾವಿರ ಕಡೆ ಧ್ವನಿಮುದ್ರಣವಿದೆ. ಅವರಲ್ಲಿ ಯಾರು ದೊಡ್ಡವರೆಂದು ನಮ್ಮ ಮೊಮ್ಮಕ್ಕಳೂ ಜಗಳವಾಡಬಹುದು. ಆದರೆ ವಾದಕ್ಕೂ ಸಿಗದೆ ಹೋಗುವ ಹಾಡುಗಳಿವೆ. ಗಡಿಯ ಈಚೆ ಇರುವ ನಮಗೆ ಅವುಗಳ ನಷ್ಟ ಇನ್ನೂ ಹೆಚ್ಚಿನದು. ಇಲ್ಲಿ ಕನ್ನಡವು ಕಚೇರಿಯಲ್ಲಿಲ್ಲ, ಅಂಗಡಿಯ ಫಲಕದ ಮೇಲಿಲ್ಲ. ಅಡುಗೆಮನೆಯಲ್ಲಿ ಮತ್ತು ನಮ್ಮಂಥ ಕೆಲವು ಶಾಲೆಗಳಲ್ಲಿ ಇದೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಫೋನು ಇದೆ. ಕ್ಯಾಸೆಟ್ಟಿನ ಖರ್ಚಿಲ್ಲ, ಅಂಗಡಿಗೆ ಹೋಗಬೇಕಾಗಿಲ್ಲ. ಕೌತಾಳಂ, ಹೊಳಗುಂದ, ಆಲೂರು, ರಾಯದುರ್ಗ, ಎಲ್ಲಿಯೇ ಇರಲಿ, ನಿಮ್ಮ ಮನೆಯ ಹಿರಿಯರನ್ನು ಈ ಭಾನುವಾರವೇ ಕೂರಿಸಿ ಹಾಡಿಸಿರಿ. ಎರಡು ಕಡೆ ಉಳಿಸಿಡಿರಿ. ತವರನ್ನು ನೆನೆಯುವ ಬೀಸುವ ಪದವೊಂದು ನಿಮ್ಮ ಮನೆಯಲ್ಲಿ ಪೂರ್ತಿಯಾಗಿ ಉಳಿದಿದ್ದರೆ, ದಯಮಾಡಿ ಈ ಪತ್ರಿಕೆಯ ಮೂಲಕ ನಮಗೆ ತಿಳಿಸಿರಿ. ಬರುವ ಉತ್ಸವದಲ್ಲಿ ಅದನ್ನು ಮಕ್ಕಳಿಂದ ಹಾಡಿಸುತ್ತೇವೆ. ನಾಲ್ಕನೆಯ ನುಡಿಯನ್ನೂ ಸೇರಿಸಿ.