ಹಜಾರರಾಮನ ಗೋಡೆಗುಂಟ

ದರೋಜಿ ಕರಡಿಧಾಮದ ಕರಡಿಗಳು ಗುಡ್ಡ ಇಳಿಯುವುದು ಮಧ್ಯಾಹ್ನದ ಮೇಲೆ. ಅಲ್ಲಿಯತನಕ ಊರಲ್ಲಿ ಸುಮ್ಮನೆ ಕೂರುವ ಬದಲು ಕಮಲಾಪುರದ ದಾರಿ ಹಿಡಿಯಿರಿ, ಬಿಸಿಲು ಏರುವ ಮೊದಲೇ. ಹತ್ತಿರದ ಹಂಪಿಯಲ್ಲಿ, ವಿಜಯನಗರದ ಅರಸರ ಅರಮನೆ ಇದ್ದ ಆವರಣದಲ್ಲಿ ಹಜಾರರಾಮ ದೇಗುಲವಿದೆ. ಒಳಗೆ ಹೋಗುವ ಆತುರ ಬೇಡ, ಹೊರಗೋಡೆಯ ಮುಂದೆಯೇ ನಿಂತುಕೊಳ್ಳಿ.

ಬೆಳಗಿನ ಓರೆಬಿಸಿಲಿಗೆ ಕಲ್ಲು ಎದ್ದು ಕಾಣುತ್ತದೆ. ತಳದ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಮತ್ತೂ ಮೇಲೆ ದಂಡಾಳುಗಳು, ಅವರ ತಲೆಯ ಮೇಲೆ ಕುಣಿಯುವ ಹೆಂಗಸರು. ನೀವು ನಡೆದರೆ ಅವರೂ ನಡೆಯುತ್ತಾರೆ. ನಿಂತಿರೋ, ಎತ್ತಿದ ಕಾಲು ಎತ್ತಿದಂತೆಯೇ. ನಗರದ ಫ್ಯಾಷನ್ ಶೋದಲ್ಲಿ ಈ ಅನುಕೂಲ ಎಲ್ಲಿದೆ?

ಈಗ ಉಡುಪು ನೋಡಿ. ಕುದುರೆ ಹಿಡಿದು ಬರುವವರಲ್ಲಿ ಗಡ್ಡದವರಿದ್ದಾರೆ, ಸಮುದ್ರ ದಾಟಿ ಕುದುರೆ ತಂದು ಮಾರಿದವರು. ಕುಣಿಯುವವರ ಸೊಂಟದಿಂದ ಬಟ್ಟೆಯ ತುದಿ ಹಾರುತ್ತಿದೆ, ಕಾಲು ಹಗುರ. ಮಹಾನವಮಿಯ ಮೆರವಣಿಗೆಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿರುವುದು ಬೇರೆಯೇ: ರಾಣೀವಾಸದ ಹೆಂಗಸರ ಮೈಮೇಲಿನ ಒಡವೆಯ ಭಾರಕ್ಕೆ ಅವರ ತೋಳಿಗೆ ಬೇರೆಯವರು ಆಸರೆ ಕೊಡಬೇಕಿತ್ತಂತೆ. ಕಲ್ಲುಕುಟಿಗನಿಗೆ ಕುಣಿತ ಬೇಕಿತ್ತು, ಪಾಯೆಸನಿಗೆ ಚಿನ್ನ ಕಂಡಿತು.

ಬಣ್ಣ ಮಾತ್ರ ಇಲ್ಲಿಲ್ಲ. ಅದಕ್ಕೆ ಲೇಪಾಕ್ಷಿಗೆ ಹೋಗಬೇಕು. ವಿಜಯನಗರದ ಅರಸ ಅಚ್ಯುತರಾಯನ ಕಾಲದ, ಅಲ್ಲಿನ ಗುಡಿಯ ಚಾವಣಿಯ ಚಿತ್ರಗಳಲ್ಲಿ ಸೀರೆಗಳ ಅಂಚು, ಗೀರು, ಹೂವು ಎಲ್ಲವೂ ಇವೆ. ಗಂಡಸರು ತೆಳು ಅಂಗಿ ತೊಟ್ಟು ಎತ್ತರದ ಟೋಪಿ ಇಟ್ಟಿದ್ದಾರೆ. ಆ ಅಂಗಿಯೇ ಕಬಾಯಿ, ಟೋಪಿ ಕುಲಾವಿ. ಅರಬ್ಬರ, ಪಾರಸಿಗಳ ಮಾತಿನಿಂದ ಬಂದ ಹೆಸರುಗಳು. ತಿರುಮಲೆಯ ಗುಡಿಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಮೂರ್ತಿಯನ್ನು ನೆನಪಿಸಿಕೊಳ್ಳಿ. ಮೈಮೇಲೆ ಅಂಗಿಯಿಲ್ಲ, ತಲೆಯ ಮೇಲೆ ಅದೇ ಉದ್ದ ಟೋಪಿ. ದೇವರ ಮುಂದೆ ಕಬಾಯಿ ಕಳಚಿದರೂ ಕುಲಾವಿ ಕಳಚಿಲ್ಲ!

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅಚ್ಯುತರಾಯನ ಆಳ್ವಿಕೆಯಲ್ಲಿ ಇಲ್ಲಿದ್ದವನು. ವ್ಯಾಪಾರಿಯ ಕಣ್ಣಲ್ಲವೇ, ಬೆಲೆಯನ್ನೂ ಬರೆದಿಟ್ಟ: ಜರತಾರಿಯ ಒಂದು ಕುಲಾವಿಗೆ ಸುಮಾರು 20 ಕ್ರುಜಾಡೊ, ಅಂದರೆ ಪೋರ್ಚುಗೀಸರ ಚಿನ್ನದ ನಾಣ್ಯ. ರಾಜ ಒಮ್ಮೆ ತಲೆಯಿಂದ ತೆಗೆದದ್ದನ್ನು ಮತ್ತೆ ಇಡುತ್ತಿರಲಿಲ್ಲ. ಅಷ್ಟೊಂದು ಟೋಪಿಗಳಲ್ಲಿ ಒಂದಾದರೂ ಉಳಿದಿದ್ದರೆ! ಗೋಡೆಗುಂಟ ಇನ್ನೊಂದು ಸುತ್ತು ಹಾಕುತ್ತೀರಿ. ಅಂಗೈ ಸೋಕಿದರೆ ಕಲ್ಲು ಆಗಲೇ ಕಾದಿದೆ.

ದರೋಜಿಗೆ ಮರಳುವಾಗ ಹೊತ್ತು ನೆತ್ತಿ ದಾಟಿರುತ್ತದೆ. ಕರಡಿಗೆ ಇನ್ನೂ ಸಮಯವಿದೆ. ನೀರು ಕೇಳಲು ನಿಂತ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ, ಹಳೇ ಸೀರೆಯ ಕೆಂಪು ತುಂಡಿಗೆ ಸೂಜಿ ಆಡಿಸುತ್ತಿದ್ದಾಳೆ. ಕಿವಿ ಮುಚ್ಚುವಂಥ ಪುಟ್ಟ ಟೋಪಿ.

"ಏನವ್ವ ಇದು?"

"ಕುಲಾವಿ, ಯಪ್ಪಾ. ಮೊಮ್ಮಗಳ ಕೂಸಿಗೆ."

"ಮನೇಲಿ ಹಳೇದು ಇರಲಿಲ್ಲವಾ?"

"ಇತ್ತು. ಮೂರು ಕೂಸು ಹಾಕ್ಕಂಡವು. ಈಗ ಹರೀತು," ಎಂದು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾಳೆ.