ಅಪ್ಪನ ಬಲಗೈ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. "ಎಲ್ಲಿ ಕಾಣೆಯಾಗಿಬಿಟ್ಟೆ?" ಅಂತ ಒಂದಿಬ್ಬರು ಮೇಲ್ ಕೂಡ ಮಾಡಿದ್ರು. ಕಾರಣ ಆಫೀಸಿನ ಕೆಲಸ ಅಲ್ಲ. ಅಪ್ಪನಿಗೆ ಲಕ್ವಾ ಹೊಡೆದಿತ್ತು.

2024ರ ಮೇ ತಿಂಗಳ ಒಂದು ಬೆಳಿಗ್ಗೆ. ಬೆಂಗಳೂರಲ್ಲಿ ಆಫೀಸಿಗೆ ಹೊರಟಿದ್ದೆ, ಇಳಕಲ್ಲಿನಿಂದ ತಂಗಿಯ ಫೋನು. "ಅಣ್ಣಾ, ಅಪ್ಪಗ ಏನೋ ಆಗೇತಿ. ಬಾಯಿ ಒಂದ್ ಕಡಿ ವಾಲೇತಿ. ಏನ್ ಮಾತಾಡ್ತಾನೋ ತಿಳಿವಲ್ದು." ಹಿಂದಿನಿಂದ ಯಾರೋ "ಗಾಳಿ ಬಡದೈತಿ, ಎಣ್ಣಿ ಹಚ್ಚಿ ತಿಕ್ರಿ" ಅನ್ನೋದು ಕೇಳಿಸ್ತು. ನಾನಾದರೂ ಹೇಳಿದ್ದೇನು? "ಬಿಪಿ ಹೆಚ್ಚಾಗಿರಬೇಕು, ಸ್ವಲ್ಪ ಹೊತ್ತು ಮಲಗಿಸಿ ನೋಡ್ರಿ." ಇಂಜಿನಿಯರಿಂಗ್ ಓದಿದ ಮಗನ ಮಾತು ನೋಡಿ, ಎಲ್ಲರೂ ನಂಬಿದರು. ಮೂರು ತಾಸು ಹಾಗೇ ಹೋಯ್ತು. ಆಮೇಲೆ ಕಾಕಾ ಗಾಡಿ ಮಾಡಿಸಿ, ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವಷ್ಟರಲ್ಲಿ ಐದು ತಾಸು ಮೀರಿತ್ತು.

ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸೋ ಇಂಜೆಕ್ಷನ್ ಇದೆಯಂತೆ. ಆದರೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ, ಒಳಗೆ ರಕ್ತ ಸೋರಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಡಾಕ್ಟರು ಬೈಯಲಿಲ್ಲ. "ಸ್ವಲ್ಪ ಲಗೂನ ಬಂದಿದ್ರ..." ಅಂದು ಸುಮ್ಮನಾದರು. ಆ "ಸ್ವಲ್ಪ" ಅನ್ನೋ ಪದ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಪ್ಪ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಮೂವತ್ತು ವರ್ಷಕ್ಕೂ ಮೇಲೆ ಇಳಕಲ್ ಸೀರೆ ನೇಯ್ದವನು. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದೂ ಆ ಲಾಳಿಯಿಂದಲೇ. ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ದೇಹದ ಬಲಭಾಗ ನಡೆಸೋದು ಅದೇ, ಬಹಳ ಜನರಲ್ಲಿ ಮಾತು ನಡೆಸೋದೂ ಅದೇ. ಹಾಗಾಗಿ ಬಲಗೈ, ಮಾತು ಎರಡೂ ಒಟ್ಟಿಗೇ ಹೋದವು. ನಾವು ಹೇಳಿದ್ದೆಲ್ಲ ಅವನಿಗೆ ತಿಳೀತಿತ್ತು. ಹೇಳಬೇಕಾದದ್ದೂ ಒಳಗೇ ಇತ್ತು. ಪದ ಮಾತ್ರ ಹೊರಗೆ ಬರ್ತಿರಲಿಲ್ಲ.

ಹದಿನೈದು ದಿನಕ್ಕೆ ಮನೆಗೆ ಕರಕೊಂಡು ಬಂದೆವು. ನಾನು ಮನೆಯಿಂದಲೇ ಕೆಲಸ ಮಾಡೋಕೆ ಒಪ್ಪಿಗೆ ತಗೊಂಡೆ. ಅವ್ವ ತುತ್ತು ಮಾಡಿ ಉಣಿಸುವವಳು, ತಂಗಿ ಅಂಗಿ ತೊಡಿಸುವವಳು. ನಾನು? ಅಪ್ಪ "ನೀ... ನೀ..." ಅನ್ನುವಷ್ಟರಲ್ಲಿ "ನೀರು ಬೇಕೇನು?" ಅಂತ ಲೋಟ ಹಿಡಿದು ನಿಂತುಬಿಡ್ತಿದ್ದೆ. ಒಮ್ಮೆ ಅಪ್ಪ ಲೋಟ ಎಡಗೈಯಿಂದ ತಳ್ಳಿ ಗೋಡೆ ಕಡೆ ಮುಖ ಮಾಡಿ ಅತ್ತ. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಲಕ್ವಾ ಆದವರಿಗೆ ಅಳು ಬೇಗ ಬರುತ್ತೆ, ಮನಸ್ಸೂ ಕುಗ್ಗುತ್ತೆ, ಅದಕ್ಕೂ ಔಷಧಿ ಇದೆ ಅಂತ ಆಮೇಲೆ ಡಾಕ್ಟರು ಹೇಳಿದರು. ಆದರೆ ಆವತ್ತಿನ ಅಳುವಿಗೆ ಕಾರಣ ನಾನೇ ಅನ್ನಿಸ್ತು. ಅವನು ಹೇಳೋಕೆ ಹೊರಟಿದ್ದು ನೀರು ಅಲ್ಲವೇ ಅಲ್ಲ, ನೀಲಿ. ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದ ನೀಲಿ ಸೀರೆ!

ಬಾಗಲಕೋಟೆಯ ಫಿಸಿಯೋಥೆರಪಿ ಮೇಡಂಗೆ ಇದನ್ನೆಲ್ಲ ಹೇಳಿದೆ. "ಎಲ್ಲಾ ನೀವ ಮಾಡಿದ್ರ ಅವರ ಕೈ ಯಾವಾಗ ಕಲೀಬೇಕ್ರಿ?" ಅಂದರು. ಮೆದುಳಿನ ಉಳಿದ ಭಾಗ ಹೊಸದಾಗಿ ಕಲಿಯಬೇಕು, ಕಲಿಯೋಕೆ ಒಂದೇ ಕೆಲಸವನ್ನು ಸಾವಿರ ಸಲ ಮಾಡಬೇಕು. ಮೊದಲ ಮೂರು ತಿಂಗಳು ಸುಧಾರಣೆ ಜೋರು, ಆಮೇಲೆ ನಿಧಾನ, ಆದರೆ ನಿಂತುಹೋಗೋದಿಲ್ಲ. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೀಬೇಡಿ, ಭುಜದ ಕೀಲು ಜಾರುತ್ತೆ ಅಂದರು. ಅಲ್ಲಿಯವರೆಗೂ ನಾವು ಮಾಡ್ತಿದ್ದದ್ದು ಅದನ್ನೇ!

ಆವತ್ತಿಂದ ಮನೆಯಲ್ಲಿ ಹೊಸ ನಿಯಮ. ಅಪ್ಪ ಬಾಯಿ ತೆರೆದರೆ ಎಲ್ಲರೂ ಸುಮ್ಮನಿರಬೇಕು. ಕೇಳೋಕೆ ಸುಲಭ, ಮಾಡೋದು ಬಲು ಕಷ್ಟ. ಕಂಪ್ಯೂಟರ್ ಎರಡು ಸೆಕೆಂಡ್ ತಡ ಮಾಡಿದರೆ ಸಿಡುಕುವ ನಾನು ಒಂದು ಪದಕ್ಕಾಗಿ ಎರಡು ನಿಮಿಷ ಕಾಯಬೇಕಿತ್ತು. ಅವ್ವನಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಅವೆರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಬೇಕು. ಸೀರೆ ಸೀರೆಗೂ ಅಷ್ಟು ಎಳೆ. ಅವಸರ ಮಾಡಿದರೆ ಕೆಡುತ್ತೆ. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು.

ಆಗಸ್ಟಿನ ಒಂದು ಮಧ್ಯಾಹ್ನ ಅವ್ವ ಪಕ್ಕದ ಮನೆಯವರ ಕೊಂಡಿ ಕೆಲಸ ಮಾಡ್ತಾ ಎಣಿಸ್ತಿದ್ದಳು. ಯಾರೋ ಕರೆದರು ಅಂತ "ಮೂರು" ಅಂದು ನಿಲ್ಲಿಸಿದಳು. ಮಂಚದ ಮೇಲಿಂದ ಅಪ್ಪ, "ನಾಕ... ಐದ... ಆರ."

ತಂಗಿ ಕುಣಿದಾಡಿಬಿಟ್ಟಳು. ಎಣಿಕೆ, ಹಾಡು ಇಂಥ ಬಾಯಿಪಾಠ ಆದವು ಮೊದಲು ಬರೋದುಂಟು, ಅಷ್ಟಕ್ಕೇ ಮಾತು ಬಂತು ಅಂದ್ಕೋಬೇಡಿ ಅಂತ ಮೇಡಂ ಹೇಳಿದರು. ಅವರು ಹೇಳಿದ ಹಾಗೇ ಮರುದಿನ ಅಪ್ಪನಿಗೆ ನನ್ನ ಹೆಸರು ಬರಲಿಲ್ಲ. ಆದರೂ ಆವತ್ತಿಂದ ಕೊಂಡಿ ಹಾಕುವಾಗ ಅವ್ವ ಬೇಕಂತಲೇ ಮೂರಕ್ಕೆ ನಿಲ್ಲಿಸ್ತಾಳೆ.

2025ರ ಜನವರಿಯಲ್ಲಿ ಬಾದಾಮಿಯ ಅತ್ತಿ ಬನಶಂಕರಿ ಜಾತ್ರೆಗೆ ಕರೆದಳು. ಜಾತ್ರೆಗೆ ಬರೋ ನಾಟಕ ಕಂಪನಿಗಳೆಂದರೆ ಅಪ್ಪನಿಗೆ ಪ್ರಾಣ. ತೇರಿನ ಗದ್ದಲ ಮುಗಿದ ಮೇಲೆ ಹೋದೆವು. ಗುಡಿ ಹತ್ತಿರ ರೊಟ್ಟಿ, ಪಲ್ಯ, ಮೊಸರು ಮಾರೋ ಅಜ್ಜಿಯೊಬ್ಬಳ ಮುಂದೆ ಕೂತೆವು. ಅವ್ವ ರೂಢಿಯಂತೆ ರೊಟ್ಟಿ ಮುರಿಯೋಕೆ ಕೈ ಚಾಚಿದಳು. ಅಪ್ಪ ಅವಳ ಕೈ ಸರಿಸಿದ. ಎಡಗೈಲಿ ರೊಟ್ಟಿ ಒತ್ತಿ ಹಿಡಿದು ಬಲಗೈ ಬೆರಳು ಅದರ ಅಂಚಿಗೆ ತಂದ. ಜಾರಿತು. ಮತ್ತೆ ತಂದ, ಮತ್ತೆ ಜಾರಿತು. ನನ್ನ ಕೈ ತಾನಾಗೇ ಎದ್ದಿತ್ತು. ತೊಡೆ ಕೆಳಗೆ ಒತ್ತಿಟ್ಟುಕೊಂಡೆ. ಅಜ್ಜಿಗೆ ಏನು ತಿಳಿಯಿತೋ, "ಸಾವಕಾಶ ಉಣ್ಣೋ ಯಪ್ಪಾ, ಮೊಸರ ಎಲ್ಲೂ ಓಡಿ ಹೋಗೂದಿಲ್ಲ" ಅಂದಳು.

ಕಟಕ್ ಅಂತ ಒಂದು ಚೂರು ಮುರೀತು.

ಅವಸರ ಮಾಡಬೇಕಾದ ದಿನ ನಾವು ಕಾದೆವು, ಕಾಯಬೇಕಾದಲ್ಲಿ ಅವಸರ ಮಾಡಿದೆವು. ನೀವು ಹಾಗೆ ಮಾಡಬೇಡಿ ಅಂತಲೇ ಇದನ್ನು ಬರೆದೆ. ಮುಖ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರೋ ಆಸ್ಪತ್ರೆಗೆ ಓಡಿ. ಉಳಿದದ್ದಕ್ಕೆಲ್ಲ ಆಮೇಲೆ ಬೇಕಾದಷ್ಟು ಟೈಮ್ ಇರುತ್ತೆ.

ಅಂದಹಾಗೆ, ಆ ನೀಲಿ ಸೀರೆ ಇನ್ನೂ ಮಗ್ಗದ ಮೇಲೇ ಇದೆ. ಉಳಿದದ್ದನ್ನು ಬೇರೆಯವರ ಕೈಲಿ ನೇಯಿಸೋಣ ಅಂದ್ರು ಕಾಕಾ. ಅವ್ವ ಬೇಡ ಅಂದಳು.