ಯಾದವಗಿರಿಯ ಜಾವಾ ಮತ್ತೆ ಮಡಿಕೇರಿ ಹತ್ತಿತು

ಮೈಸೂರಿನ ರೈಲ್ವೆ ನಿಲ್ದಾಣವನ್ನು ಬಿಟ್ಟು ತುಸು ದೂರ ನಡೆದರೆ ಯಾದವಗಿರಿ. ಏರು ತಗ್ಗಿನ ರಸ್ತೆಗಳು, ಮರಗಳ ನೆರಳಿನಲ್ಲಿ ಅವಿತ ಹಳೆಯ ಬಂಗಲೆಗಳು, ಆಕಾಶವಾಣಿಯ ಕಟ್ಟಡ, ಆರ್. ಕೆ. ನಾರಾಯಣರು ವಾಸವಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಮನೆ. ಪ್ರವಾಸಿಗನಿಗೆ ತೋರಿಸಲು ಇಷ್ಟು ಸಾಕು. ಆದರೆ ನಡುವಯಸ್ಸು ದಾಟಿದ ಮೈಸೂರಿಗನನ್ನು ಕೇಳಿದರೆ ಅವನು ಈ ಬಡಾವಣೆಯ ಗುರುತನ್ನು ಬೇರೆಯಾಗಿಯೇ ಹೇಳುತ್ತಾನೆ: “ಜಾವಾ ಫ್ಯಾಕ್ಟರಿ ಇದ್ದ ಕಡೆ.” ಕಾರ್ಖಾನೆ ಮುಚ್ಚಿ ಕಾಲು ಶತಮಾನವೇ ಕಳೆದಿದೆ. ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡು ಉಳಿದಿದೆ.

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯದಲ್ಲಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲನ್ನು ತನ್ನ ದೇಶದಲ್ಲಿ ತಯಾರಿಸಲು ತೊಡಗಿದಾಗ, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿದನು. ಆ ವಾಹನ ಮೈಸೂರಿಗೆ ಬಂದದ್ದು ಪಾರಸಿ ಸಮುದಾಯದ ಇರಾನಿ ಮನೆತನದವರ ಸಾಹಸದಿಂದ. 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಹಸ್ತದಿಂದ ಯಾದವಗಿರಿಯ ಕಾರ್ಖಾನೆ ಉದ್ಘಾಟನೆಗೊಂಡಿತು. ಅರಮನೆ, ರೇಷ್ಮೆ, ಗಂಧದೆಣ್ಣೆಗಳ ಊರು ಅಂದಿನಿಂದ ಮೋಟಾರು ಸೈಕಲಿನ ಊರೂ ಆಯಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂದಾಯಿತು. ಎಂಜಿನ್ನಿನ ವಂಶ ಮಾತ್ರ ಅದೇ.

ಆ ವಾಹನದ ಚೆಲುವೇ ಬೇರೆ. ಕೆಂಗಂದು ಬಣ್ಣ, ಟ್ಯಾಂಕಿನ ಇಬ್ಬದಿಯಲ್ಲಿ ಹೊಳೆಯುವ ಕ್ರೋಮಿಯಂ, ಅದರ ಅಂಚಿಗೆ ಸಣ್ಣ ಕುಂಚದಿಂದ ಎಳೆದ ಬಂಗಾರದ ಗೆರೆ. ಒಂದೇ ಸಿಲಿಂಡರಿನ 250 ಸಿ.ಸಿ. ಎಂಜಿನ್ನಿಗೆ ಎರಡು ಸೈಲೆನ್ಸರುಗಳು. ಚೈನಿನ ಮೇಲೆ ಪೂರ್ತಿ ಮುಚ್ಚಿದ ಕವಚ. ಪಂಚೆ, ಸೀರೆಗಳ ನಾಡಿಗೆ ಹೇಳಿ ಮಾಡಿಸಿದಂತೆ. ಎಲ್ಲಕ್ಕಿಂತ ಬೆರಗು ಹುಟ್ಟಿಸುತ್ತಿದ್ದದ್ದು ಎಡಗಾಲಿನ ಸನ್ನೆ. ಅದನ್ನೇ ಒದ್ದು ಎಂಜಿನ್ ಚಾಲೂ ಮಾಡಬೇಕು. ಬಳಿಕ ಮುಂದಕ್ಕೆ ತಿರುಗಿಸಿದರೆ ಅದೇ ಗೇರು ಬದಲಿಸುವ ಸನ್ನೆ! ಹೊಸಬರು ಇದನ್ನು ತಿಳಿಯದೆ ಪೇಚಿಗೆ ಸಿಕ್ಕುತ್ತಿದ್ದ ಪ್ರಸಂಗಗಳು ಅನೇಕ ಮನೆಗಳಲ್ಲಿ ಇಂದಿಗೂ ನಗೆಯ ವಸ್ತು.

1985ರಲ್ಲಿ, ಕಡಿಮೆ ಪೆಟ್ರೋಲು ಕುಡಿಯುವ 100 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ವಾಹನಗಳು ಬಂದ ಮೇಲೆ ಗಾಳಿ ಬದಲಾಯಿತು. ಹೊಗೆಯ ಕಟ್ಟುಪಾಡುಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಬಾಗಿಲು ಹಾಕಿದ್ದು ಕಾರ್ಖಾನೆಗೆ, ರಸ್ತೆಗಲ್ಲ. ಇಂದಿಗೂ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಈ ವಾಹನದ ಅಭಿಮಾನಿಗಳು ಒಂದೆಡೆ ಸೇರುತ್ತಾರೆ. ಆ ದಿನ ಬೀದಿ ತುಂಬ ನೀಲಿ ಹೊಗೆ, ಕಿವಿ ತುಂಬ ಗುಡುಗು.

ಮಹಡಿ ಮೆಟ್ಟಿಲ ಕೆಳಗೆ

ಒಂಟಿಕೊಪ್ಪಲಿನ ಒಂದು ಮನೆಯಲ್ಲಿ ಇಂಥದೊಂದು ಜಾವಾ ಮಹಡಿ ಮೆಟ್ಟಿಲ ಕೆಳಗೆ, ಹಳೆಯ ಹಾಸಿಗೆಯ ಹೊದಿಕೆಯನ್ನು ಹೊದ್ದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿದ್ರಿಸುತ್ತಿತ್ತು. ಮನೆಯ ಯಜಮಾನರು ನಿವೃತ್ತ ಪಶುವೈದ್ಯರು, ವಯಸ್ಸು ಎಪ್ಪತ್ತೆಂಟು. 1971ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ವಾಹನ ಅದು. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಹಗಲೆನ್ನದೆ ಇರುಳೆನ್ನದೆ ಅದರ ಮೇಲೆಯೇ ಅವರ ಸಂಚಾರ. ದನಕ್ಕೆ ಹೆರಿಗೆಯ ಕಷ್ಟ ಬಂದರೆ ಅದು ಗಡಿಯಾರ ನೋಡಿ ಬರುತ್ತದೆಯೇ?

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನಿಗೆ ಒಮ್ಮೆ ಆ ಹೊದಿಕೆಯನ್ನು ಎತ್ತಿ ನೋಡುವ ಮನಸ್ಸಾಯಿತು. ಟೈರುಗಳು ಬಿರುಕು ಬಿಟ್ಟಿದ್ದವು. ಟ್ಯಾಂಕಿನ ಒಳಗೆ ತುಕ್ಕು. ಉಪಕರಣಗಳ ಪೆಟ್ಟಿಗೆಯನ್ನು ತೆರೆದರೆ ಸ್ಪ್ಯಾನರುಗಳ ನಡುವೆ ಹೊಟ್ಟೆಯುಬ್ಬರದ ದನಕ್ಕೆ ಚುಚ್ಚುವ ದಪ್ಪನೆಯ ಟೊಳ್ಳು ಸೂಜಿಯೊಂದು ಸಿಕ್ಕಿತು. ವೈದ್ಯರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಬಳಿಕ, “ಒಂದು ಸಲ ಮಡಿಕೇರಿಗೆ ಹೋಗಿ ಬರಬಹುದೇನೋ,” ಎಂದರು. ಅಷ್ಟು ಮಾತು ಸಾಕಾಯಿತು.

ವಾಹನವನ್ನು ಒಪ್ಪಿಸಿದ್ದು ಮಂಡಿ ಮೊಹಲ್ಲಾದ ಒಂದು ಓಣಿಯ ಮೇಸ್ತ್ರಿಗೆ. ಅವರು ಹಿಂದೆ ಅದೇ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. ಬಾಗಿಲು ಮುಚ್ಚಿದಾಗ ಅವರಿಗೆ ಮೂವತ್ತೆಂಟು; ಹೊಸ ಕೆಲಸಕ್ಕೆ ಮುದುಕ, ನಿವೃತ್ತಿಗೆ ಹುಡುಗ. ಕೈಯಲ್ಲಿ ಇದ್ದದ್ದು ಒಂದೇ ವಿದ್ಯೆ. ಅದನ್ನೇ ನಂಬಿ ಓಣಿಯಲ್ಲಿ ಷೆಡ್ಡು ಹಾಕಿದರು. ಒಂದು ಕಾಲಕ್ಕೆ ತಾವೇ ಜೋಡಿಸಿ ಕಳುಹಿಸಿದ ಎಂಜಿನ್ನುಗಳು ಒಂದೊಂದಾಗಿ, ತವರಿಗೆ ಬರುವ ಹೆಣ್ಣುಮಕ್ಕಳಂತೆ, ಅವರ ಬಳಿಗೆ ಬರತೊಡಗಿದವು.

ಮೂರು ತಿಂಗಳು ಕೆಲಸ ನಡೆಯಿತು. ಟ್ಯಾಂಕಿನ ಒಳಗೆ ನಟ್ಟು ಬೋಲ್ಟುಗಳನ್ನು ಹಾಕಿ ಕುಲುಕಿ ಕುಲುಕಿ ತುಕ್ಕನ್ನು ಕಿತ್ತರು. ಸಿಲಿಂಡರು ಸವೆದಿತ್ತು, ಲೇತ್ ಅಂಗಡಿಯಲ್ಲಿ ಅದನ್ನು ರೀಬೋರ್ ಮಾಡಿಸಿ ತುಸು ದೊಡ್ಡ ಅಳತೆಯ ಪಿಸ್ಟನ್ ಕೂರಿಸಿದರು. ಸೈಲೆನ್ಸರಿನ ಒಳಕೊಳವೆಗಳಲ್ಲಿ ಕಟ್ಟಿದ್ದ ಮಸಿಯನ್ನು ಸುಟ್ಟು ತೆಗೆದರು. ಕ್ರ್ಯಾಂಕಿನ ಎರಡೂ ತುದಿಯ ಎಣ್ಣೆ ಸೀಲುಗಳನ್ನು ಬದಲಿಸಿದ್ದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಕ್ರ್ಯಾಂಕಿನ ಗೂಡೇ ಶ್ವಾಸಕೋಶ. ಸೀಲು ಒಣಗಿ ಅಲ್ಲಿ ಗಾಳಿ ಸೋರಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು, ಪಿಸ್ಟನ್ ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಸಿಗದ ಬಿಡಿಭಾಗಗಳಿಗಾಗಿ ಮಗ ಬೆಂಗಳೂರಿನ ಜೆ. ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಭಾನುವಾರಗಳಲ್ಲಿ ಸುತ್ತಿದನು.

ಉಳಿಸುವುದೇನು, ಬದಲಿಸುವುದೇನು?

ಇಲ್ಲಿಯವರೆಗೆ ಎಲ್ಲರದೂ ಒಂದೇ ಮಾತು. ಭಿನ್ನಾಭಿಪ್ರಾಯ ತಲೆಯೆತ್ತಿದ್ದು ದೀಪದ ವಿಷಯದಲ್ಲಿ.

ಹಳೆಯ ಜಾವಾದ ವಿದ್ಯುತ್ತು ಆರು ವೋಲ್ಟಿನದು. ಡೈನಮೋ ಕೊಡುವುದು 45 ವ್ಯಾಟ್. ಮುಂದಿನ ದೀಪ, ಹಿಂದಿನ ದೀಪ, ಹಾರನ್ನು, ಪ್ಲಗ್ಗಿನ ಕಿಡಿ ಎಲ್ಲಕ್ಕೂ ಅಷ್ಟೇ ಪಾಲು. ಎಂಜಿನ್ ನಿಧಾನವಾದರೆ ದೀಪವೂ ಮಂಕಾಗುತ್ತದೆ. ಆ ಕಾಲದ ಅನೇಕ ವಾಹನಗಳ ಹಣೆಬರಹವೇ ಅದು. ಮೇಸ್ತ್ರಿ, “ಹನ್ನೆರಡು ವೋಲ್ಟಿನ ಆಲ್ಟರ್ನೇಟರ್ ಹಾಕಿಬಿಡೋಣ,” ಎಂದರು. ವೋಲ್ಟು ಇಮ್ಮಡಿಯಾದರೆ ಅದೇ ಬೆಳಕಿಗೆ ಅರ್ಧದಷ್ಟು ಕರೆಂಟು ಸಾಕು. ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಉಜ್ಜಿ ಉಜ್ಜಿ ಸವೆಯುವ ಪಾಯಿಂಟುಗಳ ಕಾಟವೇ ಇಲ್ಲ.

ಮಗನಿಗೆ ಇದು ಸರಿಬರಲಿಲ್ಲ. “ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕಲ್ಲವೇ ಅಪ್ಪ? ಒಳಗಿನದನ್ನೆಲ್ಲ ಬದಲಿಸಿದ ಮೇಲೆ ಅದು ನೀವು ಓಡಿಸಿದ ಜಾವಾ ಹೇಗಾಗುತ್ತದೆ?” ಎಂದನು.

ವೈದ್ಯರು ಮಾತನಾಡಲಿಲ್ಲ. ಪಂಚೆಯನ್ನು ತುಸು ಮೇಲೆತ್ತಿ ಎಡಮೊಣಕಾಲನ್ನು ತೋರಿಸಿದರು. ಅಲ್ಲಿ ಅಂಗೈಯುದ್ದದ ಗಾಯದ ಗುರುತು. 1974ರ ಒಂದು ರಾತ್ರಿ, ಪಿರಿಯಾಪಟ್ಟಣದಿಂದ ಈಚೆಗೆ, ಲಾಂದ್ರವಿಲ್ಲದೆ ನಿಂತಿದ್ದ ಎತ್ತಿನಗಾಡಿ ಹತ್ತು ಮಾರು ದೂರಕ್ಕೆ ಬಂದಾಗ ಮಾತ್ರ ಕಣ್ಣಿಗೆ ಬಿದ್ದಿತ್ತು.

“ಇದನ್ನೂ ಹಳೆಯದಾಗಿಯೇ ಉಳಿಸಿಕೊಂಡಿದ್ದೇನೆ, ನೋಡು. ಅಂದು ನಾನು ಆ ದೀಪವನ್ನು ಇಷ್ಟಪಟ್ಟು ಇಟ್ಟುಕೊಂಡಿರಲಿಲ್ಲ ಕಣಪ್ಪ. ಬೇರೆ ಸಿಗುತ್ತಿರಲಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೆ,” ಎಂದರು.

ಮಗ ಸುಮ್ಮನಾದನು. ಆದರೆ ಬದಲಾವಣೆಗೂ ಒಂದು ಮೇರೆ ಬೇಡವೇ? ಮಗನ ಗೆಳೆಯನೊಬ್ಬನು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕನ್ನೇ ಹಾಕಿಸುವಂತೆ ಹುರಿದುಂಬಿಸಿದಾಗ ತಲೆಯಾಡಿಸಿದವರು ಮೇಸ್ತ್ರಿಯೇ. “ಅದಕ್ಕೆ ಫೋರ್ಕು ಬದಲಿಸಬೇಕು, ಚಕ್ರ ಬದಲಿಸಬೇಕು. ಒಮ್ಮೆ ಕೊಯ್ದದ್ದನ್ನು ಮತ್ತೆ ಕೂಡಿಸಲಾಗದು ಡಾಕ್ಟರೇ. ಆಲ್ಟರ್ನೇಟರ್ ಹಾಗಲ್ಲ. ಡೈನಮೋ ಇದ್ದ ಜಾಗದಲ್ಲೇ ಕೂರುತ್ತದೆ, ನಾಳೆ ಬೇಡವೆಂದರೆ ಬಿಚ್ಚಿ ಹಳೆಯದನ್ನೇ ಹಾಕಬಹುದು,” ಎಂದರು. ಬ್ರೇಕಿಗೆ ಹೊಸ ಲೈನಿಂಗು, ಚಕ್ರಕ್ಕೆ ಹೊಸ ಟೈರು, ಕೈಗೆ ಹಿಡಿತ. ಅಷ್ಟರಲ್ಲೇ ತೃಪ್ತಿಪಡಬೇಕೆಂದು ತೀರ್ಮಾನವಾಯಿತು. ಬಿಚ್ಚಿದ ಡೈನಮೋ, ರೆಗ್ಯುಲೇಟರ್, ಪಾಯಿಂಟುಗಳನ್ನು ಮೇಸ್ತ್ರಿ ಎಣ್ಣೆ ಸವರಿ, ಬಿಸ್ಕತ್ತಿನ ಡಬ್ಬದಲ್ಲಿಟ್ಟು ಹಿಂದಿರುಗಿಸಿದರು.

ಇನ್ನೊಂದು ಬದಲಾವಣೆಯನ್ನು ಕಾಲವೇ ಬೇಡುತ್ತಿತ್ತು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲಿನ ಕೊಳವೆ, ವಾಷರುಗಳೆಲ್ಲ ಹೊಸವಾದವು. ಲೀಟರಿಗೆ 40 ಮಿಲಿಲೀಟರು ಎಣ್ಣೆ ಬೆರೆಸುವ ಹಳೆಯ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಕಾಗದಪತ್ರದ ತೊಡಕೂ ಸಣ್ಣದಲ್ಲ. ಐವತ್ತು ವರ್ಷ ದಾಟಿದ, ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಟು ಆಗದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮ ಅವಕಾಶ ಕೊಡುತ್ತದೆ. ಗೌರವದ ಪದವಿಯೇನೋ ನಿಜ; ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳನ್ನು ಬಿಟ್ಟು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. “ಗಾಜಿನ ಬೀರುವಿನಲ್ಲಿ ಕೂರಿಸಲು ಇಷ್ಟು ಕಷ್ಟಪಡಬೇಕಿತ್ತೇ?” ಎಂದು ವೈದ್ಯರು ನಕ್ಕರು. ಕೊನೆಗೆ ದಂಡ, ಶುಲ್ಕ, ಹಸಿರು ತೆರಿಗೆಗಳನ್ನು ಕಟ್ಟಿ, ಅಧಿಕಾರಿಗಳ ತಪಾಸಣೆಗೆ ಒಡ್ಡಿ, ಐದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ನೋಂದಣಿಯನ್ನೇ ಮಾಡಿಸಿದರು. ‘ಎಂ.ವೈ.’ ಎಂದು ಮೊದಲಾಗುವ ಮೈಸೂರು ರಾಜ್ಯದ ಹಳೆಯ ಸಂಖ್ಯೆಯ ಫಲಕ ಮತ್ತೆ ಬಣ್ಣ ಕಂಡಿತು.

ಹುಣಸೂರಿನ ದಾರಿ

ದಸರೆಯ ಗದ್ದಲ ಮುಗಿದ ಮೇಲೆ ಒಂದು ನಸುಕಿನಲ್ಲಿ ತಂದೆ ಮಕ್ಕಳು ಹೊರಟರು. ಮಗ ಮುಂದೆ, ತಂದೆ ಹಿಂದೆ. ಇಬ್ಬರ ತಲೆಗೂ ಹೆಲ್ಮೆಟ್ಟು. ಮೇಸ್ತ್ರಿ ಬೆಳಗಿನ ಚಹವನ್ನೂ ಕುಡಿಯದೆ ಬಂದು ನಿಂತು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, “ಗಂಟೆಗೆ ಅರವತ್ತು ಕಿಲೋಮೀಟರು ಮೀರಬೇಡಿ,” ಎಂದು ಎಚ್ಚರಿಸಿ ಬೀಳ್ಕೊಟ್ಟರು.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಇಲವಾಲ ದಾಟಿದರೆ ಬಯಲು ಬಿಚ್ಚಿಕೊಳ್ಳುತ್ತದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ನದಿ. ಮುಂದೆ ರಸ್ತೆಯ ಇಬ್ಬದಿಗೂ ತಂಬಾಕಿನ ಹೊಲಗಳು, ಎಲೆಯನ್ನು ಬೇಯಿಸಿ ಹದಗೊಳಿಸುವ ಎತ್ತರದ ಬ್ಯಾರನ್ನುಗಳು. ಪಿರಿಯಾಪಟ್ಟಣದ ಆಚೆ, 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಬೈಲಕುಪ್ಪೆಯ ಟಿಬೆಟ್ಟರ ವಸತಿ. ಅಲ್ಲಿಂದ ಸ್ವಲ್ಪ ದೂರಕ್ಕೇ ಕಾವೇರಿಯ ಸೇತುವೆ. ದಾಟಿದರೆ ಕುಶಾಲನಗರ, ಕೊಡಗಿನ ನೆಲ. ಆನೆಕಾಡಿನ ತಂಪು ಕಳೆದು ಸುಂಟಿಕೊಪ್ಪ ಬಂದಿತೆಂದರೆ ಕಾಫಿಯ ತೋಟಗಳ ನಡುವೆ ಏರು ದಾರಿ.

ಪ್ರತಿ ಊರು ಬಂದಾಗಲೂ ವೈದ್ಯರಿಗೆ ಹಸು, ಎಮ್ಮೆಗಳ ನೆನಪು. ಇಂಥ ಹಳ್ಳಿಯಲ್ಲಿ ಅವಳಿ ಕರು, ಇಂಥ ಕಡೆ ಮಧ್ಯರಾತ್ರಿ ಕೊಟ್ಟ ಬಿಸಿ ರಾಗಿ ರೊಟ್ಟಿ. ಮನುಷ್ಯರ ಹೆಸರು ಮರೆತಿದ್ದರೂ ದನಗಳ ಬಣ್ಣ ಮರೆತಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದರೂ ಮಗನು ಆ ಕಥೆಗಳನ್ನು ಕೇಳಿದ್ದು ಅಂದೇ ಮೊದಲು. ಏರಿನಲ್ಲಿ ಎಂಜಿನ್ ಎರಡನೆಯ ಗೇರಿಗೆ ಇಳಿದು ಗಂಭೀರವಾಗಿ ಗುಡುಗುತ್ತಾ ಹತ್ತಿತು. ಒಮ್ಮೆಯೂ ಏದುಸಿರು ಬಿಡಲಿಲ್ಲ. ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಕವಿದು ಕಣಿವೆಯೇನೂ ಕಾಣಲಿಲ್ಲ. ಇಬ್ಬರಿಗೂ ಅದರ ಚಿಂತೆ ಇರಲಿಲ್ಲ. ಬಿಸಿ ಕಾಫಿ ಕುಡಿದು ಹಿಂದಿರುಗಿದರು.

ಪಿರಿಯಾಪಟ್ಟಣ ದಾಟುವಾಗ ಕತ್ತಲಾಗಿತ್ತು. ಹೊಸ ದೀಪದ ಬೆಳಕು ರಸ್ತೆಯ ಅಂಚಿನ ಹುಲ್ಲನ್ನೂ ಎಣಿಸುವಂತೆ ಹರಡಿತ್ತು. ಒಂದೆಡೆ ತಂದೆಯ ಕೈ ಮಗನ ಹೆಗಲನ್ನು ಮೆಲ್ಲನೆ ಒತ್ತಿತು. ಮಗ ವೇಗವನ್ನು ತಗ್ಗಿಸಿದನು. ದೂರದಲ್ಲಿ, ಬ್ಯಾರನ್ನಿಗೆ ಸೌದೆ ಹೊತ್ತ ಟ್ರ್ಯಾಕ್ಟರೊಂದು ಹಿಂದೀಪವಿಲ್ಲದೆ ರಸ್ತೆಯ ಮೇಲೆಯೇ ನಿಂತಿತ್ತು. ಮಗನು ಅದನ್ನು ಸಾಕಷ್ಟು ಮೊದಲೇ ಕಂಡು, ನಿಧಾನವಾಗಿ ಬಳಸಿಕೊಂಡು ಮುಂದೆ ಸಾಗಿದನು.

“ನಿಮಗೆ ಟ್ರ್ಯಾಕ್ಟರು ನನಗಿಂತ ಮೊದಲೇ ಕಂಡಿತೇ ಅಪ್ಪ?” ಎಂದು ಕೇಳಿದನು.

“ಇಲ್ಲ ಕಣಪ್ಪ, ನನಗೆ ಜಾಗ ನೆನಪಿತ್ತು. ಕಂಡದ್ದು ನಿನಗೆ. ಅಷ್ಟು ಸಾಕು,” ಎಂದರು ವೈದ್ಯರು.

ಮನೆ ಸೇರಿದಾಗ ರಾತ್ರಿ ಒಂಬತ್ತು. ಬಾಗಿಲಲ್ಲಿ ಮೇಸ್ತ್ರಿ ಕಾಯುತ್ತಾ ಕುಳಿತಿದ್ದರು. ಅವರು ಮೊದಲು ಎಂಜಿನ್ನಿನ ಮೇಲೆ ಅಂಗೈಯಿಟ್ಟು ಬಿಸಿಯನ್ನು ನೋಡಿದರು. ಆಮೇಲೆ ವೈದ್ಯರ ಕ್ಷೇಮವನ್ನು ವಿಚಾರಿಸಿದರು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಈಗ ಬಿಸ್ಕತ್ತಿನ ಡಬ್ಬವೊಂದೇ ಇದೆ. ಜಾವಾ ನಿಲ್ಲುವುದು ಹೊರಗೆ, ಮಲ್ಲಿಗೆ ಬಳ್ಳಿಯ ಪಕ್ಕದಲ್ಲಿ, ರಸ್ತೆಗೆ ಮುಖಮಾಡಿ.